ಇಗ್ಬೋ ಜನರ ದೇವತೆಗಳೂ ಪಾದ್ರಿಗಳ ಶಾಲೆಯೂ

ಈ ವರ್ಷ ನಮ್ಮ ಅಂತಿಮ ಬಿ.ಎ. ತರಗತಿಯ ಐಚ್ಛಿಕ ಇಂಗ್ಲಿಷ್ ಪಾಠಗಳಲ್ಲಿ ನೈಜೀರಿಯಾ ದೇಶದ ಚಿನುವಾ ಅಚೆಬೆಯವರ 'ಥಿಂಗ್ಸ್ ಫಾಲ್ ಅಪಾರ್ಟ್' ಎಂಬ ಕಾದಂಬರಿಯೂ ಒಂದಾಗಿತ್ತು. 1958ರಲ್ಲಿ ಪ್ರಕಟವಾದ ಈ ಗ್ರಂಥವು ಇಗ್ಬೋ ಎಂಬ ಜನಾಂಗದ ಹಳೆಯ ಬಾಳುವೆಯನ್ನೂ, ಆಂಗ್ಲರ ಆಳ್ವಿಕೆ ಮತ್ತು ಕ್ರೈಸ್ತಮತಗಳು ಬಂದ ಮೇಲೆ ಆ ಬಾಳುವೆ ಕದಡಿಹೋದ ಬಗೆಯನ್ನೂ ಚಿತ್ರಿಸುತ್ತದೆ. ಪಾಠ ಮುಗಿದ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕುಳಿತಾಗ ನಮ್ಮ ಮಿತ್ರರೊಳಗೆ ದೊಡ್ಡ ವಾಗ್ವಾದವೇ ನಡೆಯಿತು. ಬಿಳಿಯರು ಒಂದು ಕೈಯಲ್ಲಿ ಬೈಬಲ್ಲನ್ನೂ ಇನ್ನೊಂದು ಕೈಯಲ್ಲಿ ಬಂದೂಕನ್ನೂ ಹಿಡಿದು ಬಂದು, ತಮ್ಮಷ್ಟಕ್ಕೆ ತಾವು ಸುಖವಾಗಿದ್ದ ಜನರ ಧರ್ಮವನ್ನು ಹಾಳುಗೆಡವಿದರೆಂದು ಒಂದು ಪಕ್ಷ. ಹುಟ್ಟಿದ ಅವಳಿ ಮಕ್ಕಳನ್ನು ಕಾಡಿಗೆ ಎಸೆಯುತ್ತಿದ್ದವರ ಧರ್ಮ ಹಾಳಾದರೆ ಯಾರು ಅಳಬೇಕೆಂದು ಇನ್ನೊಂದು ಪಕ್ಷ. ಕೊನೆಗೆ ಎರಡೂ ಕಡೆಯವರು ನನ್ನ ಕಡೆ ತಿರುಗಿ, "ನಿನ್ನದೆಂತ ಅಭಿಪ್ರಾಯ ಮಾರಾಯ? ಬಾಯಿಗೆ ಬೀಗ ಹಾಕಿ ಕೂತಿದ್ದೀಯಲ್ಲ!" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆ ದಿನ ಹೇಳಲಾಗದ್ದನ್ನು ಈ ವಾರ್ಷಿಕ ಸಂಚಿಕೆಯ ಪುಟಗಳಲ್ಲಿ ಹೇಳುವ ಪ್ರಯತ್ನ ಮಾಡುತ್ತಿದ್ದೇನೆ. ಗುರುಜನರು ತಪ್ಪಿದ್ದಲ್ಲಿ ತಿದ್ದಬೇಕು.

ಮೊದಲು ಇಗ್ಬೋ ಜನರು ಯಾರೆಂಬುದನ್ನು ತಿಳಿಯೋಣ. ನೈಜೀರಿಯಾದ ಆಗ್ನೇಯ ಭಾಗದಲ್ಲಿ, ನೈಜರ್ ಮಹಾನದಿಯು ಸಮುದ್ರವನ್ನು ಸೇರುವುದಕ್ಕೆ ಮುಂಚಿನ ಪ್ರದೇಶದಲ್ಲಿ, ಅದರಲ್ಲಿಯೂ ಹೆಚ್ಚಾಗಿ ನದಿಯ ಪೂರ್ವಕ್ಕೆ ಇವರ ನಾಡಿದೆ. ಅನಂಬ್ರಾ, ಎನುಗು, ಇಮೋ, ಅಬಿಯಾ, ಎಬೊನಿ ಎಂಬ ಇಂದಿನ ರಾಜ್ಯಗಳು ಇವರ ಮುಖ್ಯ ನೆಲೆಗಳು. ತಮಗೆ ರಾಜನಿಲ್ಲವೆಂದು ಹೇಳಿಕೊಳ್ಳುವುದು ಇವರ ಹೆಮ್ಮೆ. ನ್ರಿ, ಒನಿಚಾ ಮೊದಲಾದ ಕೆಲವು ಕಡೆ ರಾಜರಿದ್ದುದು ನಿಜ. ಆದರೆ ಹೆಚ್ಚಿನ ಊರುಗಳಲ್ಲಿ ಹಿರಿಯರು, ಬಿರುದು ಪಡೆದವರು, ಊರ ಕೂಟ ಇವರೇ ಸೇರಿ ತೀರ್ಮಾನ ಮಾಡುತ್ತಿದ್ದರು. ಇವರನ್ನು ಕಾಡುಜನರೆಂದು ನಮ್ಮ ಗೆಳೆಯರಲ್ಲೊಬ್ಬರು ಕರೆದರು. ಇಗ್ಬೋ-ಉಕ್ವು ಎಂಬ ಊರಿನಲ್ಲಿ ನೀರಿನ ತೊಟ್ಟಿಗಾಗಿ ಅಗೆಯುತ್ತಿದ್ದಾಗ ಕಂಚಿನ ಪಾತ್ರೆಗಳು ದೊರೆತು, 1959-60ರಲ್ಲಿ ಥರ್ಸ್ಟನ್ ಶಾ ಎಂಬ ಪುರಾತತ್ತ್ವಜ್ಞರು ಅಲ್ಲಿ ಉತ್ಖನನ ನಡೆಸಿದರು. ಅಲ್ಲಿಯ ಎರಕದ ಕೆಲಸವು ಸುಮಾರು 9ನೆಯ ಶತಮಾನದ್ದೆಂದು ವಿದ್ವಾಂಸರ ಮತ. ಯೂರೋಪಿಯನ್ನರ ಹಡಗು ಆ ಕರಾವಳಿಗೆ ಬರುವುದಕ್ಕೆ ಐದಾರು ನೂರು ವರ್ಷಗಳ ಹಿಂದೆಯೇ ಅಷ್ಟು ನಾಜೂಕಾಗಿ ಕಂಚು ಎರೆಯಬಲ್ಲವರಾಗಿದ್ದ ಜನರನ್ನು ಕಾಡುಜನರೆನ್ನುವುದು ಸರಿಯಲ್ಲ.

ಇನ್ನು ಅವರ ನಂಬಿಕೆಗಳು. ಅಲಾ ಅಥವಾ ಅನಿ ಎಂಬ ಭೂದೇವಿ ಇವರ ದೇವತೆಗಳಲ್ಲಿ ಎಲ್ಲರಿಗಿಂತ ಹತ್ತಿರದವಳು. ಬೆಳೆ ಕೊಡುವವಳೂ ಅವಳೇ, ಸತ್ತವರನ್ನು ಒಡಲಲ್ಲಿಟ್ಟುಕೊಳ್ಳುವವಳೂ ಅವಳೇ, ನೀತಿಯ ಒಡತಿಯೂ ಅವಳೇ. ಕುಲಬಾಂಧವನ ಕೊಲೆ, 'ಯಾಮ್' ಎಂಬ ಗೆಡ್ಡೆಯ ಕಳವು ಮೊದಲಾದವು ಬರಿಯ ಅಪರಾಧಗಳಲ್ಲ, ಭೂಮಿಗೆ ಮಾಡಿದ ಮೈಲಿಗೆ. ಅದನ್ನು ತೊಳೆಯದ ಹೊರತು ಊರಿಗೆ ಊರೇ ಕೆಡುತ್ತದೆಂದು ಅವರ ನಂಬಿಕೆಯಾಗಿತ್ತು. ಪ್ರತಿಯೊಬ್ಬ ಮನುಷ್ಯನಿಗೂ 'ಚಿ' ಎಂಬ ಅವನದೇ ಆದ ಒಂದು ದೈವವಿರುತ್ತದೆ. ನಾವು ಹಣೆಬರಹವೆನ್ನುವುದಕ್ಕೆ ಇದು ಹತ್ತಿರವಾದರೂ ಅದೇ ಅಲ್ಲ. ಏಕೆಂದರೆ ಮನುಷ್ಯನು ಗಟ್ಟಿಯಾಗಿ ಹೂಂ ಎಂದರೆ ಅವನ ಚಿಯೂ ಹೂಂ ಎನ್ನುತ್ತದೆ ಎಂದು ಅವರಲ್ಲಿ ಗಾದೆಯಿದೆ. ನಮ್ಮ ಹಣೆಬರಹ ಹಾಗೆ ಹೂಂಗುಟ್ಟಿದ್ದನ್ನು ನಾನಂತೂ ಕೇಳಿಲ್ಲ. ಸತ್ತ ಹಿರಿಯರು ಮುಖವಾಡ ಧರಿಸಿ ಊರ ಅಂಗಳಕ್ಕೆ ಬಂದು ನ್ಯಾಯ ಹೇಳುವ ಪದ್ಧತಿಯೂ ಇತ್ತು. ನಮ್ಮ ಜಿಲ್ಲೆಯಲ್ಲಿ ಭೂತಕೋಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಂದಹಾಗೆ, ಅತಿಥಿ ಬಂದಾಗ ಅವರು ಕೊಡುವ ಬೀಜಕ್ಕೂ ಕೋಲಾ ಎಂದೇ ಹೆಸರು. ಅದಕ್ಕೂ ನಮ್ಮ ಕೋಲಕ್ಕೂ ಸಂಬಂಧವಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಸಂಬಂಧ ಹಚ್ಚುವ ಪಂಡಿತರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಈ ಧರ್ಮದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಒಂದು ವಸ್ತು ನಿಂತರೆ ಅದರ ಪಕ್ಕದಲ್ಲಿ ಇನ್ನೊಂದು ನಿಲ್ಲುತ್ತದೆ ಎಂಬುದು ಅವರ ಮತ್ತೊಂದು ಗಾದೆ. ದೇವರ ವಿಷಯದಲ್ಲಿಯೂ ಅವರ ಧೋರಣೆ ಇದೇ. ಹೊಸ ದೇವತೆ ಬಂದರೆ ಹಳೆಯದರ ಪಕ್ಕದಲ್ಲಿ ಜಾಗ ಕೊಡುತ್ತಿದ್ದರು. ಒಂದು ದೇವತೆಯ ಉಪದ್ರವ ಅತಿಯಾದರೆ, ಅದನ್ನು ಕೆತ್ತಿದ ಮರ ಯಾವುದೆಂದು ಅದಕ್ಕೇ ತೋರಿಸಬೇಕಾಗುತ್ತದೆ ಎಂದು ಹೇಳುವಷ್ಟು ಧೈರ್ಯವೂ ಅವರಿಗಿತ್ತು. ಓವೆರ್ರಿ ಎಂಬ ಸೀಮೆಯಲ್ಲಿ ಅಲಾ ದೇವಿಯ ಗೌರವಾರ್ಥವಾಗಿ 'ಂಬಾರಿ' ಎಂಬ ಮಂಟಪಗಳನ್ನು ಕಟ್ಟುತ್ತಿದ್ದರು. ಊರಿನಿಂದ ಆರಿಸಿದ ಗಂಡಸರೂ ಹೆಂಗಸರೂ ಎಷ್ಟೋ ತಿಂಗಳು ಉಳಿದವರಿಂದ ಬೇರೆಯಾಗಿದ್ದು, ಹುತ್ತದ ಮಣ್ಣಿನಿಂದ ದೇವಿಯನ್ನೂ, ಅವಳ ಸುತ್ತ ಮನುಷ್ಯರು, ಪ್ರಾಣಿಗಳು, ಒಳ್ಳೆಯದು ಕೆಟ್ಟದ್ದು ಎನ್ನದೆ ಲೋಕದಲ್ಲಿ ಕಂಡದ್ದನ್ನೆಲ್ಲ ಮಾಡಿ ಬಣ್ಣ ಬಳಿಯುತ್ತಿದ್ದರು. ಆಂಗ್ಲರ ಆಳ್ವಿಕೆ ಬಂದ ಮೇಲೆ ಟೋಪಿ ಧರಿಸಿದ ಬಿಳಿಯ ಅಧಿಕಾರಿಯ ಮಣ್ಣಿನ ಗೊಂಬೆಯೂ ಆ ಮಂಟಪದೊಳಗೆ ಬಂದು ಕುಳಿತಿತು. ಹೊಸದಾಗಿ ಬಂದ ಬಲವನ್ನು ಹೀಗೆ ದೇವಿಯ ಅಂಗಳದಲ್ಲೇ ಕೂರಿಸಿಬಿಟ್ಟರು. ಉತ್ಸವ ಮುಗಿದ ಮೇಲೆ ಮಂಟಪವನ್ನು ಯಾರೂ ದುರಸ್ತಿ ಮಾಡುತ್ತಿರಲಿಲ್ಲ. ಮಳೆಗೂ ಗೆದ್ದಲಿಗೂ ಬಿಟ್ಟುಬಿಡುತ್ತಿದ್ದರು. ಮುಂದಿನ ಪೀಳಿಗೆಯವರಿಗೆ ಬೇಕಾದರೆ ತಾವೇ ಹೊಸದಾಗಿ ಕಟ್ಟಬೇಕು.

ಇಷ್ಟು ಹೇಳಿದಾಗ ನಮ್ಮ ಮೊದಲನೆಯ ಪಕ್ಷದವರು ಚಪ್ಪಾಳೆ ತಟ್ಟಿಯಾರು. ಸ್ವಲ್ಪ ತಾಳಬೇಕು. ಹೊಸ ದೇವರಿಗೂ ಬಿಳಿಯ ಅಧಿಕಾರಿಗೂ ಸ್ಥಳ ಕೊಟ್ಟ ಆ ಧರ್ಮ ತನ್ನದೇ ಊರಿನ ಕೆಲವರಿಗೆ ಮಾತ್ರ ಸ್ಥಳ ಕೊಡಲಿಲ್ಲ. ಅವಳಿ ಹುಟ್ಟುವುದು ಭೂಮಿಗೆ ಮೈಲಿಗೆಯೆಂದು ಅನೇಕ ಊರುಗಳಲ್ಲಿ ಆ ಶಿಶುಗಳನ್ನು ಕಾಡಿನಲ್ಲಿ ಬಿಡುತ್ತಿದ್ದರು. ಹೆತ್ತ ತಾಯಿಗೆ ಅಳುವ ಸ್ವಾತಂತ್ರ್ಯವೂ ಇರಲಿಲ್ಲ. 'ಒಸು' ಎಂಬುವರ ಪಾಡು ಬೇರೆ ಬಗೆಯದು. ಯಾವುದೋ ಒಂದು ದೇವತೆಗೆ ಮೀಸಲಾದ ಮನುಷ್ಯನೂ ಅವನ ಸಂತತಿಯೂ ಒಸುಗಳು. ದೇವತೆಯ ಸೊತ್ತಾದುದರಿಂದ ಅವರಿಗೆ ಕೇಡು ಮಾಡಲು ಜನ ಅಂಜುತ್ತಿದ್ದರು. ಅದೇ ಕಾರಣದಿಂದ ಅವರೊಡನೆ ಮದುವೆಯಿಲ್ಲ, ಸಮಾನವಾಗಿ ಬೆರೆಯುವುದಿಲ್ಲ, ಬಿರುದಿಲ್ಲ. ಉಳಿದವರು 'ದಿಯಾಲ', ಅಂದರೆ ನೆಲದ ಮಕ್ಕಳು. ಹಾಗಾದರೆ ಒಸುಗಳು ಯಾವ ನೆಲದ ಮಕ್ಕಳು? ಇದಲ್ಲದೆ ಅರೋಚುಕ್ವು ಎಂಬಲ್ಲಿ ಇಬಿನಿ ಉಕ್ಪಾಬಿ ಎಂಬ ದೈವವಾಣಿಯ ಗವಿಯಿತ್ತು. ದೂರದೂರದಿಂದ ಜನರು ನ್ಯಾಯ ಕೇಳಿಕೊಂಡು ಅಲ್ಲಿಗೆ ಬರುತ್ತಿದ್ದರು. ತಪ್ಪಿತಸ್ಥನೆಂದು ತೀರ್ಪಾದವನನ್ನು ದೈವ ನುಂಗಿತೆಂದು ಮನೆಯವರು ನಂಬಿದರೆ, ಅವನನ್ನು ಅರೋ ವರ್ತಕರು ಗುಲಾಮನಾಗಿ ಮಾರಿರುತ್ತಿದ್ದುದುಂಟು. ಬಿಳಿಯರು ಗುಲಾಮರನ್ನು ಕೊಂಡರೆಂಬುದು ಎಷ್ಟು ನಿಜವೋ, ಮಾರಿದವರಿದ್ದರೆಂಬುದೂ ಅಷ್ಟೇ ನಿಜ.

ಈಗ ಪಾದ್ರಿಗಳ ವಿಷಯಕ್ಕೆ ಬರೋಣ. ಬೈಬಲ್ಲೂ ಬಂದೂಕೂ ಒಟ್ಟಿಗೇ ಬಂದವೆಂದು ನಾವು ಸಾಮಾನ್ಯವಾಗಿ ಹೇಳುವುದುಂಟು. ಇಗ್ಬೋ ನಾಡಿನಲ್ಲಿ ಹಾಗಾಗಲಿಲ್ಲ. 1857ರಲ್ಲಿ ನೈಜರ್ ತೀರದ ಒನಿಚಾ ಪಟ್ಟಣದಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಕೇಂದ್ರವನ್ನು ತೆರೆದವರು ಬಿಳಿಯರೇ ಅಲ್ಲ. ಪಾದ್ರಿಗಳ ತಂಡದ ನಾಯಕರಾಗಿ ಬಂದ ಸ್ಯಾಮ್ಯುಯೆಲ್ ಅಜಾಯಿ ಕ್ರೌಥರ್ ಎಂಬುವರು ಯೊರೂಬಾ ಜನಾಂಗದವರು. ಬಾಲ್ಯದಲ್ಲಿ ಗುಲಾಮರಾಗಿ ಮಾರಲ್ಪಟ್ಟು, ಆಂಗ್ಲರ ನೌಕಾಪಡೆಯಿಂದ ಬಿಡುಗಡೆ ಹೊಂದಿ ಸಿಯೆರಾ ಲಿಯೋನ್ ಸೇರಿ, ಅಲ್ಲಿ ಓದಿ, 1864ರಲ್ಲಿ ಬಿಷಪರಾದವರು. ಒನಿಚಾದಲ್ಲಿ ನಿಂತು ಕೆಲಸ ಮಾಡಿದ ಜಾನ್ ಕ್ರಿಸ್ಟೊಫರ್ ಟೇಲರ್ ಎಂಬುವರು ಬಿಡುಗಡೆ ಹೊಂದಿದ ಇಗ್ಬೋ ತಂದೆತಾಯಿಗಳ ಮಗ. ಇದು ನನ್ನನ್ನು ಚಕಿತಗೊಳಿಸಿದ ಸಂಗತಿ. ಯಾವ ನಾಡಿನಿಂದ ತಂದೆಯನ್ನು ಮಾರಿದರೋ ಅದೇ ನಾಡಿಗೆ ಮಗನು ಪುಸ್ತಕ ಹಿಡಿದುಕೊಂಡು ಹಿಂದಿರುಗಿದನು. 1885ರಲ್ಲಿ ರೋಮನ್ ಕ್ಯಾಥೋಲಿಕ್ ಪಾದ್ರಿಗಳೂ ಒನಿಚಾಕ್ಕೆ ಬಂದರು. ಅವರು ಹಣ ಕೊಟ್ಟು ಗುಲಾಮರನ್ನು ಬಿಡಿಸಿ, ಕ್ರೈಸ್ತ ಹಳ್ಳಿಗಳನ್ನು ಮಾಡಿ ನೆಲೆಗೊಳಿಸುತ್ತಿದ್ದರು. ಆದರೂ ಮೊದಲ ನಾಲ್ವತ್ತು ವರ್ಷಗಳಲ್ಲಿ ಹೊಸ ಮತಕ್ಕೆ ಬಂದವರು ಅತ್ಯಲ್ಪ. ಊರ ಮಾನ್ಯರು ಪಾದ್ರಿಗಳ ಮಾತನ್ನು ಸೌಜನ್ಯದಿಂದ ಕೇಳಿ, ಕೋಲಾ ಬೀಜ ಕೊಟ್ಟು, ತಮ್ಮ ಕೆಲಸಕ್ಕೆ ತಾವು ಹೋದರು.

ಬಂದೂಕು ಬಂದದ್ದು ಆಮೇಲೆ. 1901-02ರಲ್ಲಿ ಆಂಗ್ಲರ ಸೈನ್ಯವು ಅರೋಚುಕ್ವುವಿನ ಮೇಲೆ ದಂಡೆತ್ತಿ ಹೋಗಿ ಆ ದೈವವಾಣಿಯ ಸ್ಥಳವನ್ನು ನಾಶಮಾಡಿತು. 1905ರಲ್ಲಿ ಅಹಿಯಾರ ಎಂಬಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಬಿಳಿಯ ವೈದ್ಯನೊಬ್ಬನನ್ನು ಜನರು ಕೊಂದಾಗ, ಅದಕ್ಕೆ ಪ್ರತೀಕಾರವಾಗಿ ಸೈನ್ಯವು ಸುತ್ತಣ ಊರುಗಳನ್ನು ದಂಡಿಸಿತು. ಅನಂತರ ಜಿಲ್ಲಾಧಿಕಾರಿ, ಕೋರ್ಟು, ಜವಾನ, ಜೈಲು ಎಲ್ಲವೂ ಬಂದವು. ರಾಜರಿಲ್ಲದ ಊರುಗಳಿಗೆ ಸರಕಾರವೇ ಸನದು ಕೊಟ್ಟು ಮುಖಂಡರನ್ನು ನೇಮಿಸಿತು. ಹೀಗೆ ನೇಮಕವಾದವರನ್ನು ಜನರು ಕೇಳಲೂ ಇಲ್ಲ, ಆರಿಸಲೂ ಇಲ್ಲ. ಕೋರ್ಟಿನಲ್ಲಿ ನ್ಯಾಯವೋ ಅನ್ಯಾಯವೋ ಇಂಗ್ಲಿಷು ಬಲ್ಲ ಗುಮಾಸ್ತನ ಲೇಖನಿಯ ತುದಿಯಲ್ಲಿತ್ತು. ಒಬ್ಬ ರೈತನ ಹೊಲ ಹೋಯಿತೋ ಉಳಿಯಿತೋ ಎಂಬುದು ಅವನಿಗೆ ಓದಲು ಬಾರದ ಕಾಗದದಲ್ಲಿ ಬರೆದಿರುತ್ತಿತ್ತು. ಈ ಪರಿಸ್ಥಿತಿಯಲ್ಲಿ ಅಕ್ಷರ ಕಲಿಯುವುದು ಪುಣ್ಯಸಂಪಾದನೆಗಲ್ಲ, ಹೊಲ ಉಳಿಸಿಕೊಳ್ಳುವುದಕ್ಕೆ ಬೇಕಾಯಿತು.

ಅಕ್ಷರವಾದರೋ ಪಾದ್ರಿಗಳ ಬಳಿಯಿತ್ತು. 1902ರಲ್ಲಿ ಐರ್ಲೆಂಡಿನಿಂದ ಬಂದ ಜೋಸೆಫ್ ಶಾನಹನ್ ಎಂಬ ಪಾದ್ರಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ಗುಲಾಮರನ್ನು ಕೊಂಡು ಬಿಡಿಸುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಹಣವನ್ನೂ ಶ್ರಮವನ್ನೂ ಶಾಲೆಗಳಿಗೆ ತಿರುಗಿಸಿದರು. ಊರಿಗೊಂದು ಶಾಲೆ, ವಾರದ ದಿನ ಪಾಠ, ಭಾನುವಾರ ಅಲ್ಲಿಯೇ ಪೂಜೆ. ಪ್ರಾಟೆಸ್ಟೆಂಟರೂ ಹಿಂದೆ ಬೀಳಲಿಲ್ಲ. ಒಂದೇ ಊರಿನಲ್ಲಿ ಎರಡು ಪಂಗಡದ ಶಾಲೆಗಳು ಸ್ಪರ್ಧೆಗೆ ನಿಂತದ್ದೂ ಉಂಟು. ಊರವರೇ ಹೋಗಿ ನಮಗೂ ಒಬ್ಬ ಮೇಷ್ಟರನ್ನು ಕೊಡಿ ಎಂದು ಪಾದ್ರಿಗಳನ್ನು ಕೇಳತೊಡಗಿದರು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಅದಕ್ಕೆ ಮುಂಚೆ, 1828ರಲ್ಲಿ, ಇಗ್ಬೋ ನಾಡಿಗೆ ಪಶ್ಚಿಮದಲ್ಲಿರುವ ಇಂದಿನ ಘಾನಾ ದೇಶದ ಕರಾವಳಿಗೆ ಹೋಗಿದ್ದರು. ಅವರೂ ಎರಡೂ ಕಡೆ ಶಾಲೆಯನ್ನೇ ನೆಚ್ಚಿದ್ದರು.

ಅಚೆಬೆಯವರ ಇನ್ನೊಂದು ಕಾದಂಬರಿ 'ಆ್ಯರೋ ಆಫ್ ಗಾಡ್', 1964ರದ್ದು, ನಮಗೆ ಪಠ್ಯವಾಗಿರಲಿಲ್ಲ; ಗ್ರಂಥಾಲಯದಿಂದ ತಂದು ಓದಿದೆ. ನನ್ನ ಅಭಿಪ್ರಾಯದಲ್ಲಿ ಈ ವಿಷಯಕ್ಕೆ ಇದೇ ಹೆಚ್ಚಿನ ಗ್ರಂಥ. ಎಜೆಉಲು ಎಂಬ ಪೂಜಾರಿಯು ತನ್ನ ಮಗನೊಬ್ಬನನ್ನು ತಾನಾಗಿಯೇ ಪಾದ್ರಿಗಳ ಶಾಲೆಗೆ ಕಳುಹಿಸುತ್ತಾನೆ, ಅಲ್ಲಿ ತನ್ನ ಕಣ್ಣಾಗಿರಲೆಂದು. ಆ ಕಣ್ಣು ತಂದೆಯದಾಗಿ ಉಳಿಯುವುದಿಲ್ಲ. ಮುಂದೆ ಸರಕಾರ ಪೂಜಾರಿಯನ್ನು ತಿಂಗಳುಗಟ್ಟಲೆ ಬಂಧನದಲ್ಲಿಡುತ್ತದೆ. ಪ್ರತಿ ಅಮಾವಾಸ್ಯೆ ಕಳೆದು ಹೊಸ ಚಂದ್ರ ಮೂಡಿದಾಗ ಒಂದೊಂದು ಪವಿತ್ರವಾದ ಯಾಮ್ ಗೆಡ್ಡೆಯನ್ನು ಅವನು ತಿನ್ನಬೇಕು, ಅವು ಮುಗಿದ ಮೇಲೆಯೇ ಹೊಸ ಬೆಳೆಯ ಹಬ್ಬವನ್ನು ಸಾರಬೇಕು. ಬಂಧನದಿಂದಾಗಿ ಗೆಡ್ಡೆಗಳು ಉಳಿದವು. ಅವನು ಹಬ್ಬ ಸಾರಲು ಒಪ್ಪಲಿಲ್ಲ. ಬೆಳೆ ನೆಲದಲ್ಲೇ ಕೊಳೆಯುತ್ತಿದೆ, ಮಕ್ಕಳು ಹಸಿದಿದ್ದಾರೆ. ಆಗ ಚರ್ಚಿನವರು, ನಮ್ಮ ದೇವರಿಗೆ ಒಂದು ಗೆಡ್ಡೆ ತಂದೊಪ್ಪಿಸಿ ಬೆಳೆ ತೆಗೆಯಿರಿ, ನಿಮ್ಮ ದೇವರ ಕೋಪ ನಿಮ್ಮನ್ನು ಮುಟ್ಟದು ಎಂದರು. ಜನರು ಹೋದರು. ಇಲ್ಲಿ ಯಾರು ಯಾರ ಧರ್ಮವನ್ನು ನಾಶಮಾಡಿದರು? ಸರಕಾರದ ಬಂಧನ, ಪೂಜಾರಿಯ ಹಟ, ಹಸಿವು, ಚರ್ಚಿನ ಸಮಯಸಾಧನೆ, ಎಲ್ಲವೂ ಇವೆ. ವಾಗ್ವಾದದಲ್ಲಿ ನನ್ನ ಮಿತ್ರರು ಒಂದೊಂದನ್ನೇ ಹಿಡಿದು ಜಗ್ಗುತ್ತಿದ್ದರು.

ಇದೆಲ್ಲ ಊರಿನ ಒಳಗಿದ್ದವರ ಮಾತಾಯಿತು. ಊರಿನ ಹೊರಗಿದ್ದವರು ಇಷ್ಟು ಕಾಯಲೇ ಇಲ್ಲ. 'ಥಿಂಗ್ಸ್ ಫಾಲ್ ಅಪಾರ್ಟ್'ನಲ್ಲಿ ಚರ್ಚಿಗೆ ಹೋಗುವ ಮೊದಲ ಹೆಂಗಸು ನಾಲ್ಕು ಬಾರಿ ಅವಳಿ ಹೆತ್ತು ನಾಲ್ಕು ಬಾರಿಯೂ ಕಳೆದುಕೊಂಡವಳು, ಮತ್ತೆ ಗರ್ಭಿಣಿ. ಅವಳು ಹೋದುದು ತ್ರಿತತ್ತ್ವವನ್ನು ವಿಚಾರಮಾಡಿಯೇ? ಕಥಾನಾಯಕನ ಮಗ ನ್ವೊಯೆ ಹೋದುದೂ ಸಿದ್ಧಾಂತಕ್ಕೆ ಒಲಿದಲ್ಲ. ಕಾಡಿನಲ್ಲಿ ಅಳುತ್ತಿದ್ದ ಶಿಶುಗಳ ದನಿ, ಮನೆಯಲ್ಲಿ ಅಣ್ಣನಂತಿದ್ದು ಕೊಲೆಯಾದ ಹುಡುಗನ ನೆನಪು ಅವನನ್ನು ತಳ್ಳಿಕೊಂಡು ಹೋದವು. ಅನಂತರ ಒಸುಗಳು ಬಂದರು. ಆಗ ಏನಾಯಿತೆಂಬುದನ್ನು ಗಮನಿಸಬೇಕು. ಆಗಲೇ ಕ್ರೈಸ್ತರಾಗಿದ್ದವರು ಎದ್ದುನಿಂತು ಇವರನ್ನು ಒಳಗೆ ಬಿಡಕೂಡದೆಂದರು. ಕಿಯಾಗಾ ಎಂಬ ಉಪದೇಶಿ, ಆತನೂ ಇಗ್ಬೋ ಜನಾಂಗದವನೇ, ಹಿಂದೆಗೆಯಲಿಲ್ಲ. ಆಗ ಕೆಲವರು ಹೊರಟುಹೋಗದೆ ಉಳಿದರು. ಒಸುಗಳು ತಮ್ಮ ಜಡೆಗಟ್ಟಿದ ಕೂದಲನ್ನು ಬೋಳಿಸಿಕೊಂಡರು.

ಈ ಭಾಗವನ್ನು ನಾನು ಮನೆಯಲ್ಲಿ ಅಜ್ಜನಿಗೆ ತುಳುವಿನಲ್ಲಿ ಓದಿ ಹೇಳಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಜ್ಜ ಶಾಲೆಯ ಅಂಗಳವನ್ನು ಮಾತ್ರ ಕಂಡವರು. ದೇವಸ್ಥಾನದ್ದಾದರೋ ಅಂಗಳವನ್ನೂ ಅಲ್ಲ, ಹೊರಗಿನ ಗದ್ದೆಯ ಹುಣಿಯನ್ನು. ಹಬ್ಬದ ದಿನ ಅಲ್ಲಿಯೇ ನಿಂತು ಕೈಮುಗಿದು ಬರುತ್ತಿದ್ದರಂತೆ. ಅವರು ಎಲ್ಲವನ್ನೂ ಕೇಳಿ, "ಅವರು ಒಳಗೆ ಹೋದರಾ ಮಗಾ?" ಎಂದು ಮಾತ್ರ ಕೇಳಿದರು. "ಹೋದರು ಅಜ್ಜ" ಎಂದೆ. "ಯಾರೂ ಹೊಡೆಯಲಿಲ್ಲವಾ?" ಎಂದರು. ನಮ್ಮ ತರಗತಿಯ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಹಳೆಯ ಧರ್ಮ ಮುರಿದುದಕ್ಕೆ ನನ್ನ ಮಿತ್ರರಂತೆ ಕಣ್ಣೀರಿಡಲು ನನಗೆ ಏಕೆ ಆಗಲಿಲ್ಲವೆಂಬುದು ಆಗ ನನಗೆ ತಿಳಿಯಿತು.

ಹಾಗೆಂದು ಎರಡನೆಯ ಪಕ್ಷದವರ ಜೊತೆ ಸೇರಿಕೊಂಡೆನೆಂದಲ್ಲ. ಚರ್ಚು ಬಾಗಿಲು ತೆರೆದುದು ನಿಜ, ಆದರೆ ಅದರಿಂದ ಒಸು ಪದ್ಧತಿ ಅಳಿಯಲಿಲ್ಲ. ಪೂರ್ವ ನೈಜೀರಿಯಾದ ಶಾಸನಸಭೆಯು 1956ರಲ್ಲಿ ಕಾನೂನು ಮಾಡಿ ಒಸು ಪದ್ಧತಿಯನ್ನು ರದ್ದುಮಾಡಬೇಕಾಯಿತು. ನಮ್ಮಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆಯಾದುದು 1955ರಲ್ಲಿ. ಸಮುದ್ರದ ಆಚೆಗೂ ಈಚೆಗೂ ಒಂದೇ ವರ್ಷದ ಅಂತರ! ಇಂದು ಇಗ್ಬೋ ಜನರಲ್ಲಿ ಬಹುಪಾಲು ಮಂದಿ ಕ್ರೈಸ್ತರು. ಆದರೂ ಮದುವೆಯ ಮಾತು ಬಂದಾಗ ಹೆಣ್ಣಿನ ಕಡೆಯವರು ಗಂಡಿನ ಊರಿಗೆ ಹೋಗಿ ಗುಟ್ಟಾಗಿ ವಿಚಾರಿಸುವುದು ನಿಂತಿಲ್ಲ. ಒಂದೇ ಬಲಿಪೀಠದ ಮುಂದೆ ಮಂಡಿಯೂರುವ ಇಬ್ಬರು, ಒಂದೇ ಮದುವೆ ಚಪ್ಪರದಲ್ಲಿ ಕೂಡಲಾರರು. ಅಚೆಬೆಯವರ 'ನೋ ಲಾಂಗರ್ ಅಟ್ ಈಸ್' ಕಾದಂಬರಿಯಲ್ಲಿ ಮಗನು ಒಸು ಹುಡುಗಿಯನ್ನು ವರಿಸಬೇಕೆಂದಾಗ ಬೇಡವೆನ್ನುವ ತಂದೆ ಮತ್ತಾರೂ ಅಲ್ಲ. ಅಂದು ಚರ್ಚಿಗೆ ಓಡಿಹೋಗಿದ್ದ ಅದೇ ನ್ವೊಯೆ, ಈಗ ಐಸಾಕ್ ಎಂಬ ನಿವೃತ್ತ ಉಪದೇಶಿ.

ಚರ್ಚು ಕೆಲವರನ್ನು ಒಳಗೆ ಕರೆದಂತೆ ಇನ್ನು ಕೆಲವರನ್ನು ಹೊರಗೆ ನಿಲ್ಲಿಸಿತು. ಹಲವು ಹೆಂಡಿರುಳ್ಳವನು ಸ್ನಾನದೀಕ್ಷೆ ಪಡೆಯಬೇಕಾದರೆ ಒಬ್ಬಳನ್ನಿಟ್ಟುಕೊಂಡು ಉಳಿದವರನ್ನು ಬಿಡಬೇಕು. ಬಿಟ್ಟ ಹೆಂಡತಿ ಎಲ್ಲಿಗೆ ಹೋಗಬೇಕು? ಅವಳೇನು ಪಾಪ ಮಾಡಿದ್ದಳು? ಆಂಗ್ಲಿಕನ್ ಬಿಷಪರ ಲ್ಯಾಂಬೆತ್ ಸಮ್ಮೇಳನವು 1888ರಲ್ಲಿ ಬಹುಪತ್ನಿಯರುಳ್ಳ ಗಂಡಸಿಗೆ ದೀಕ್ಷೆ ಕೂಡದೆಂದು ನಿರ್ಣಯಿಸಿತು. ಅಂಥವನು ಇನ್ನು ಮುಂದೆ ಬೇರೆ ಮದುವೆಯಾಗುವುದಿಲ್ಲವೆಂದು ಮಾತು ಕೊಟ್ಟರೆ ಹೆಂಡಿರು ಮಕ್ಕಳ ಸಮೇತ ದೀಕ್ಷೆ ಪಡೆಯಬಹುದೆಂದು ಅದೇ ಸಮ್ಮೇಳನ ಒಪ್ಪಿದ್ದು 1988ರಲ್ಲಿ. ನಡುವೆ ಸರಿಯಾಗಿ ನೂರು ವರ್ಷ. ಈ ನೂರು ವರ್ಷಗಳಲ್ಲಿ ಹೊರಗಾದ ಹೆಂಗಸರ ಲೆಕ್ಕವನ್ನು ಯಾವ ಪುಸ್ತಕದಲ್ಲಿಯೂ ನಾನು ನೋಡಲಿಲ್ಲ.

ಆ ನಾಡಿನ ಹೆಂಗಸರು ಬಾಯಿಲ್ಲದವರಾಗಿದ್ದರೆಂದು ಮಾತ್ರ ತಿಳಿಯಬಾರದು. ತಪ್ಪು ಮಾಡಿದ ಗಂಡಸಿನ ಮನೆಯ ಮುಂದೆ ಊರ ಹೆಂಗಸರೆಲ್ಲ ಸೇರಿ, ರಾತ್ರಿಯಿಡೀ ಅವನನ್ನು ಹಂಗಿಸುವ ಹಾಡು ಹೇಳಿ ಕುಣಿದು, ಅವನು ತಪ್ಪೊಪ್ಪಿಕೊಳ್ಳುವವರೆಗೆ ಕದಲದಿರುವ ಸಂಪ್ರದಾಯ ಅವರಲ್ಲಿತ್ತು. 1929ರ ನವೆಂಬರಿನಲ್ಲಿ ಒಲೋಕೊ ಎಂಬ ಊರಿನಲ್ಲಿ ತಾಳೆಎಣ್ಣೆ ತೆಗೆಯುತ್ತಿದ್ದ ನ್ವಾನ್ಯೆರುವಾ ಎಂಬಾಕೆಯ ಬಳಿಗೆ ಸನದುದಾರ ಮುಖಂಡನ ಆಳು ಬಂದು, ಮನೆಯಲ್ಲಿ ಜನವೆಷ್ಟು, ಆಡು ಕುರಿ ಎಷ್ಟು, ಎಣಿಸು ಎಂದನು. ಗಂಡಸರ ಮೇಲೆ ಹಾಕಿದ ತಲೆಗಂದಾಯ ಹೀಗೆ ಎಣಿಕೆಯಿಂದಲೇ ಮೊದಲಾಗಿತ್ತು. ಇನ್ನು ಹೆಂಗಸರ ಸರದಿಯೆಂದು ಸುದ್ದಿಯೆದ್ದಿತು. ತಾಳೆಯ ಗರಿಗಳನ್ನು ಊರಿಂದೂರಿಗೆ ಕಳುಹಿಸಿ ಸಾವಿರಾರು ಹೆಂಗಸರು ಕೂಡಿದರು. ಇಗ್ಬೋ ಹೆಂಗಸರಲ್ಲದೆ ನೆರೆಯ ಇಬಿಬಿಯೋ ಹೆಂಗಸರೂ ಸೇರಿಕೊಂಡರು. ಮುಖಂಡರ ಟೋಪಿ ಕಿತ್ತುಕೊಂಡರು, ಕೋರ್ಟುಗಳನ್ನು ಮುತ್ತಿದರು. ಸೈನಿಕರು ಗುಂಡು ಹಾರಿಸಿದರು. 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಸರಕಾರದವರು ಇದನ್ನು ದೊಂಬಿಯೆಂದರು, ಅವರ ಮಕ್ಕಳು ಮೊಮ್ಮಕ್ಕಳು ಹೆಂಗಸರ ಯುದ್ಧವೆನ್ನುತ್ತಾರೆ. ಅಂತೂ ಸನದಿನ ಮುಖಂಡಗಾರಿಕೆ ಹೆಚ್ಚು ಕಾಲ ಉಳಿಯಲಿಲ್ಲ. ಇದನ್ನು ಅವರಿಗೆ ಕಲಿಸಿಕೊಟ್ಟದ್ದು ಮಿಷನ್ ಶಾಲೆಯಲ್ಲ, ಅಜ್ಜಿಯರ ಕಾಲದಿಂದ ಬಂದ ಹಾಡು ಕುಣಿತ. ಹಳೆಯದರಲ್ಲಿ ಉಳಿಸಿಕೊಳ್ಳತಕ್ಕದ್ದೇನಿತ್ತು ಎಂದು ಕೇಳುವ ಗೆಳೆಯರು ಇದನ್ನು ನೆನಪಿಡಬೇಕು.

ಹೆಸರುಗಳ ವಿಷಯವನ್ನು ಹೇಳದಿದ್ದರೆ ನನ್ನ ಮನಸ್ಸು ಒಪ್ಪದು. ಇಗ್ಬೋ ಜನರ ವಾರಕ್ಕೆ ನಾಲ್ಕೇ ದಿನ: ಎಕೆ, ಒರಿಯೆ, ಅಫೊ, ನ್ಕ್ವೊ. ಇವು ಸಂತೆಯ ದಿನಗಳೂ ಹೌದು. ಹುಟ್ಟಿದ ದಿನದ ಮೇಲೆ ಮಗುವಿಗೆ ಹೆಸರು. ಅಫೊ ದಿನ ಹುಟ್ಟಿದವನು ಒಕಾಫೊ, ನ್ಕ್ವೊ ದಿನದವನು ಒಕೊಂಕ್ವೊ. ನಮ್ಮ ತುಳುನಾಡಿನಲ್ಲಿಯೂ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂಬ ಹೆಸರುಗಳಿದ್ದುವಷ್ಟೆ. ನಮ್ಮಜ್ಜ ಶನಿವಾರ ಹುಟ್ಟಿದವರು, ತನಿಯ. ಮೇಲೆ ನೋಡಿದರೆ ಎರಡೂ ಒಂದೇ ಪದ್ಧತಿ. ಆದರೆ ಅಲ್ಲಿ ಊರಿಗೆ ಹಿರಿಯನಾದವನಿಗೂ ವಾರದ ಹೆಸರೇ. ಇಲ್ಲಿ ದೇವರ ಹೆಸರಿಡಲು ಅಪ್ಪಣೆಯಿಲ್ಲದ ನಮ್ಮ ಕೇರಿಯವರಿಗೆ ಅದು ಉಳಿಕೆಯ ಹೆಸರು. ಪಾದ್ರಿಗಳು ಬಂದು ಒಕಾಫೊಗಳನ್ನು ಐಸಾಯ, ಮೋಸೆಸ್ ಮಾಡಿದಾಗ ಅವರು ಏನನ್ನೋ ಕಳೆದುಕೊಂಡರು. ನಮ್ಮ ತಂದೆಯನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟರು ವಾರದ ಹೆಸರನ್ನು ಹೊಡೆದುಹಾಕಿ ದೇವರ ಹೆಸರೊಂದನ್ನು ಬರೆದಾಗ ಅಜ್ಜ ಮನೆಗೆ ಬಂದು ಎಲ್ಲರಿಗೂ ಬೆಲ್ಲ ಹಂಚಿದರಂತೆ. ಅಚೆಬೆಯವರ ತಂದೆ ಐಸಾಯ ಒಕಾಫೊ ಚರ್ಚಿನ ಉಪದೇಶಿ. ಮಗನಿಗೆ ಇಂಗ್ಲೆಂಡಿನ ರಾಣಿಯ ಗಂಡನ ಹೆಸರು, ಆಲ್ಬರ್ಟ್. ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಆ ಮಗನು ಆಲ್ಬರ್ಟನ್ನು ಕಿತ್ತೊಗೆದು ಚಿನುವಾ ಆದನು. ಚಿನುವಾ ಎಂಬುದರಲ್ಲಿ ಮೊದಲಿಗೇ ಇರುವುದು ಆ ಹಳೆಯ ಚಿ! ಅವರಿಗೆ ಅದು ಬಿಡುಗಡೆ. ನಾನು ಆ ಪ್ರಕಾರ ತನಿಯನ ಹೆಸರಿಗೆ ಹಿಂದಿರುಗಿದರೆ ಬಿಡುಗಡೆಯಾದೀತೇ? ಒಮ್ಮೊಮ್ಮೆ ಆದೀತೆಂದು ತೋರುತ್ತದೆ. ಅಜ್ಜನಿಗೆ ಹೇಳಲು ಧೈರ್ಯ ಬಂದಿಲ್ಲ.

ಕ್ರೈಸ್ತಮತವು ಇಗ್ಬೋ ಜನರಲ್ಲಿ ಪರರ ಅಂಗಿಯಾಗಿಯೇ ಉಳಿಯಿತೆಂದು ಹೇಳುವವರಿಗೂ ಎರಡು ಮಾತು ಹೇಳಬೇಕು. ದೇವರಿಗೆ ಚುಕ್ವು, ಚಿನೆಕೆ ಎಂಬ ಸ್ಥಳದ ಹೆಸರುಗಳನ್ನೇ ಭಾಷಾಂತರಕಾರರು ಆರಿಸಿದರು. ಚಿನೆಕೆ ಎಂದರೆ ಸೃಷ್ಟಿಸುವ ಚಿ ಎಂದು ಅವರು ಅರ್ಥ ಹೇಳಿದರೆ, ಅದು ಒಂದಲ್ಲ, ಚಿ ಮತ್ತು ಎಕೆ ಎಂಬ ಜೋಡಿಯಿರಬಹುದೆಂದು ಅಚೆಬೆಯವರು ಒಂದು ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಎಲ್ಲರ ಮೇಲೆ ಒಬ್ಬನೇ ಪರಮಾತ್ಮನೆಂಬ ಕಲ್ಪನೆಯೇ ಇಗ್ಬೋ ವಿಚಾರಕ್ಕೆ ಹೊರಗಿನದೆಂದು ದೊನಾಟಸ್ ನ್ವೋಗಾ ಎಂಬ ವಿದ್ವಾಂಸರು 1984ರಲ್ಲಿ ವಾದಿಸಿದರು. ಪಂಡಿತರ ಜಗಳ ಹಾಗಿರಲಿ. ಅದೇ ಹೆಸರಿನಿಂದ ಜನರು ಇಂದು ಕಣ್ಣುಮುಚ್ಚಿ ಪ್ರಾರ್ಥಿಸುತ್ತಾರೆ. ಅಗುಲೇರಿಯ ಬಡ ರೈತನ ಮಗ ಮೈಕೆಲ್ ತಾನ್ಸಿ ಪಾದ್ರಿಯಾಗಿ, ಸತ್ತ ಮೇಲೆ 1998ರಲ್ಲಿ ಒನಿಚಾಕ್ಕೇ ಬಂದ ಪೋಪರಿಂದ ಪುಣ್ಯಾತ್ಮರೆಂದು ಘೋಷಿ‌ತರಾದರು. ಅವರ ಕೈಯಿಂದ ಒಂಬತ್ತನೆಯ ವಯಸ್ಸಿನಲ್ಲಿ ದೀಕ್ಷೆ ಪಡೆದ ಫ್ರಾನ್ಸಿಸ್ ಅರಿಂಜೆ ಎಂಬ ಹುಡುಗ ರೋಮಿನಲ್ಲಿ ಕಾರ್ಡಿನಲ್ ಪದವಿಗೇರಿದರು. ಇವರನ್ನು ಮೋಸಹೋದವರೆಂದು ನಾವು ಇಲ್ಲಿ ಕುಳಿತು ತೀರ್ಪು ಕೊಡುವುದು ಉದ್ಧಟತನವಾದೀತು. ಮನೆಗೆ ಬಂದವರಿಗೆ ಕೋಲಾ ಬೀಜ ಒಡೆಯುವಾಗ ಮಾತ್ರ ಹಿರಿಯರು ಈಗಲೂ ಇಗ್ಬೋ ಭಾಷೆಯಲ್ಲಿಯೇ ಹರಸುತ್ತಾರೆ. ಕೋಲಾಕ್ಕೆ ಇಂಗ್ಲಿಷು ತಿಳಿಯದು ಎಂಬುದು ಅವರ ಮಾತು. ಆ ಹರಕೆಯನ್ನು ಹೇಳಿ ಕೊನೆಗೆ ಯೇಸುವಿನ ಹೆಸರೆತ್ತುವವರೂ ಇದ್ದಾರೆ.

ಇದು ನನ್ನ ಉತ್ತರ. ಯಾರ ಪಕ್ಷವೆಂದು ಮಿತ್ರರು ಮತ್ತೆ ಕೇಳಿದರೆ, ಗದ್ದೆಯ ಹುಣಿಯ ಮೇಲೆ ನಿಂತವರದ್ದು ಎನ್ನಬೇಕಾಗುತ್ತದೆ. ಅಲ್ಲಿಂದ ದೇವಸ್ಥಾನವೂ ಕಾಣುತ್ತದೆ, ಶಾಲೆಯೂ ಕಾಣುತ್ತದೆ. 'ಆ್ಯರೋ ಆಫ್ ಗಾಡ್' ಪುಸ್ತಕದ ಒಂದೇ ಪ್ರತಿ ನಮ್ಮ ಗ್ರಂಥಾಲಯದಲ್ಲಿದ್ದು ಅದು ಸದ್ಯ ನನ್ನ ಬಳಿಯಿದೆ. ಪರೀಕ್ಷೆಗೆ ಮುಂಚೆ ಹಿಂದಿರುಗಿಸುತ್ತೇನೆ. ಎರಡೂ ಪಕ್ಷದವರು ಓದಿಕೊಂಡು ಬಂದ ಮೇಲೆ ಬೇಕಾದರೆ ಇನ್ನೊಂದು ಮಧ್ಯಾಹ್ನ ಜಗಳಾಡೋಣ.